ಎಂಬಿಎ ಮುಗಿಸಿ ಚುನಾವಣಾ ಪ್ರಚಾರದ ಸಲಹೆಗಾರನಾಗಬಹುದೇ?

ಎಂಬಿಎ ಮುಗಿಯುತ್ತಿದೆ, ಪ್ರಶಾಂತ್ ಕಿಶೋರ್ ಥರ ಚುನಾವಣಾ ತಂತ್ರಗಾರ ಆಗಬೇಕು, ದಾರಿ ಯಾವುದು, ದುಡ್ಡು ಎಷ್ಟು ಅಂತ ಕೇಳಿದ್ದೀರಿ. 2018 ಮತ್ತು 2023ರ ವಿಧಾನಸಭಾ ಚುನಾವಣೆಗಳಲ್ಲಿ ಎರಡು ಕಂಪನಿಗಳ ಪರವಾಗಿ ಈ ಕೆಲಸ ಮಾಡಿದ್ದೇನೆ. ಕಂಡದ್ದನ್ನು ಹೇಳುತ್ತೇನೆ.

ಮೊದಲು ಆ ‘ತಂತ್ರಗಾರ’ ಅನ್ನುವ ಪದ ಪಕ್ಕಕ್ಕಿಡಿ. ಮೊದಲ ಎರಡು ತಿಂಗಳು ನಾನು ಮಾಡಿದ್ದು ಮತದಾರರ ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸುವ ಕೆಲಸ. ಆಮೇಲೆ ಹಿಂದಿನ ಚುನಾವಣೆಯ ಫಾರ್ಮ್ 20. ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಓಟು ಬಿತ್ತು ಅನ್ನುವುದು ಅದರಲ್ಲಿರುತ್ತದೆ, ಯಾರು ಬೇಕಾದರೂ ನೋಡಬಹುದು. ಕ್ಷೇತ್ರಕ್ಕೆ ಇನ್ನೂರೈವತ್ತು ಬೂತು ಅಂದುಕೊಳ್ಳಿ, ಒಂದೊಂದಕ್ಕೂ ಬಣ್ಣ ಹಚ್ಚಬೇಕು: ನಮ್ಮದು, ಅವರದು, ಅತ್ತಿತ್ತ ಹೊಯ್ದಾಡುವುದು. ಒಂದು ಬೂತಿಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ ಅನ್ನುವವರಿಗೆ ಎರಡು ಊರಿನ ಹೆಸರು ಹೇಳಿದರೆ ಸಾಕು. 2004ರಲ್ಲಿ ಸಂತೆಮರಹಳ್ಳಿ ಕ್ಷೇತ್ರದ ಸೋಲು-ಗೆಲುವು ತೀರ್ಮಾನವಾಗಿದ್ದು 1 ಓಟಿನಲ್ಲಿ. 2023ರಲ್ಲಿ ಜಯನಗರ 16 ಓಟಿನಲ್ಲಿ.

ಇನ್ನು ಸರ್ವೆ. ನಮ್ಮ ಹುಡುಗರು ಪಕ್ಷದ ಶಾಲು, ಕಾರು ಯಾವುದೂ ಇಲ್ಲದೆ ಬಸ್ಸಿನಲ್ಲಿ ಹಳ್ಳಿಗೆ ಹೋಗುತ್ತಿದ್ದರು. ‘ಯಾರಿಗೆ ಓಟು ಹಾಕ್ತೀರಿ’ ಅಂತ ನೇರವಾಗಿ ಕೇಳಿದರೆ ಜನ ‘ನಿಮಗೇ ಸಾಮಿ’ ಅಂತಾರೆ. ಬೆಳಿಗ್ಗೆ ಬಂದುಹೋದ ಇನ್ನೊಂದು ಪಕ್ಷದವರಿಗೂ ಅದನ್ನೇ ಹೇಳಿರುತ್ತಾರೆ. ಅದಕ್ಕೇ ಕರೆಂಟು, ನೀರು, ರೇಷನ್ನು ಅಂತ ಮಾತು ತೆಗೆದು, ಕೊನೆಗೆ ‘ನಿಮ್ಮ ಬೀದೀಲಿ ಯಾರ ಕಡೆ ಜಾಸ್ತಿ?’ ಅಂತ ಕೇಳುವುದು. ತಮ್ಮ ಓಟನ್ನು ಮುಚ್ಚಿಡುವವರೂ ಪಕ್ಕದ ಮನೆಯವರದನ್ನು ಧಾರಾಳವಾಗಿ ಹೇಳುತ್ತಾರೆ!

2018ರಲ್ಲಿ ಹೀಗೆ ಕೇಳಿಕೊಂಡು ಬಂದಾಗ ನಮ್ಮ ಅಭ್ಯರ್ಥಿಯ ಸ್ವಂತ ಹೋಬಳಿಯೇ ಮೈನಸ್ ಅಂತ ಗೊತ್ತಾಯಿತು. ಅದರ ಉಸ್ತುವಾರಿ ಅವರ ಭಾಮೈದನದು. ಆತ ದಿನಾ ರಾತ್ರಿ ಸಭೆಯಲ್ಲಿ ‘ಐದು ಸಾವಿರ ಲೀಡ್ ಕಟ್ಟಿಟ್ಟ ಬುತ್ತಿ ಭಾವ’ ಅನ್ನುತ್ತಿದ್ದ. ಊರವರ ಸಿಟ್ಟೆಲ್ಲ ಇದ್ದದ್ದು ಆತನ ಮೇಲೆಯೇ. ಸುತ್ತ ಇದ್ದ ನಲವತ್ತು ಜನಕ್ಕೂ ಇದು ಗೊತ್ತಿತ್ತು, ಒಬ್ಬರೂ ಬಾಯಿ ಬಿಡಲಿಲ್ಲ. ನಾನು ಶೀಟ್ ಹಿಡಿದು ಹೋಗಿ ಅಭ್ಯರ್ಥಿಗೇ ಹೇಳಿದೆ. ‘ನಿನ್ನೆ ಬಂದೋನು ನೀನು, ನಮ್ಮೂರಿನ ವಿಷಯ ನಮಗೇ ಹೇಳ್ತೀಯಾ?’ ಅಂದರು. ಆಮೇಲೆ ಎರಡು ದಿನ ಕಾರಿಗೂ ಹತ್ತಿಸಿಕೊಳ್ಳಲಿಲ್ಲ. ಎಣಿಕೆಯ ದಿನ ಆ ಹೋಬಳಿಯ ಮತಯಂತ್ರಗಳು ತೆರೆದಾಗಲೇ ಅವರು ಹಿಂದೆ ಬಿದ್ದದ್ದು, ಮತ್ತೆ ಮೇಲೆ ಬರಲಿಲ್ಲ.

ನನ್ನ ಪ್ರಕಾರ ಈ ಕೆಲಸಕ್ಕೆ ಸಂಬಳ ಕೊಡುವುದೇ ಇದಕ್ಕೆ. ಘೋಷಣೆ ಬರೆಯುವವರು, ರೀಲ್ಸ್ ಮಾಡುವವರು ಬೇಕಾದಷ್ಟು ಸಿಗುತ್ತಾರೆ. ಕೆಟ್ಟ ಸುದ್ದಿಯನ್ನು ಅಂಕಿ ಸಮೇತ, ಕಾಲ ಮೀರುವ ಮುಂಚೆ, ಅವರು ಕೇಳಿಸಿಕೊಳ್ಳುವ ಹಾಗೆ ಹೇಳುವವರು ಸಿಗುವುದಿಲ್ಲ. ಕೊನೆಯದು ನನಗೆ ಆಗ ಬರಲಿಲ್ಲ. ಎಲ್ಲರ ಎದುರಿಗೆ ಹೇಳಿದ್ದೇ ತಪ್ಪಾಯಿತು.

ದೊಡ್ಡ ಹೆಸರುಗಳನ್ನು ನೋಡಿ ಬರುವುದಾದರೆ ಪೂರ್ತಿ ನೋಡಿ. ನಮ್ಮ ಬಳ್ಳಾರಿಯ ಸುನೀಲ್ ಕನುಗೋಲು 2023ರಲ್ಲಿ ಕಾಂಗ್ರೆಸ್ ಪರ ಕೆಲಸ ಮಾಡಿದರು, ಪಕ್ಷಕ್ಕೆ 135 ಸೀಟು ಬಂತು, ಅವರು ಸಂಪುಟ ದರ್ಜೆಯೊಂದಿಗೆ ಮುಖ್ಯಮಂತ್ರಿಯ ಮುಖ್ಯ ಸಲಹೆಗಾರರಾದರು. ನಿಜ. ಆದರೆ 2015ರಲ್ಲಿ ನಿತೀಶ್, 2021ರಲ್ಲಿ ಮಮತಾ ಗೆದ್ದಾಗ ಜೊತೆಗಿದ್ದ ಕಿಶೋರ್ ಅವರೇ 2017ರಲ್ಲಿ ಉತ್ತರ ಪ್ರದೇಶದಲ್ಲಿ ಕಾಂಗ್ರೆಸ್ಸಿನ ಜೊತೆಗೂ ಇದ್ದರು. ಅಲ್ಲಿ ಬಂದದ್ದು 7 ಸೀಟು. 2025ರಲ್ಲಿ ಬಿಹಾರದಲ್ಲಿ ಅವರ ಸ್ವಂತ ಪಕ್ಷಕ್ಕೆ ಒಂದೂ ಬರಲಿಲ್ಲ. ಗಾಳಿ ಇದ್ದರೆ ತೂರಿಕೊಳ್ಳುವುದು ಹೇಗೆ ಅಂತ ನಾವು ಹೇಳಬಲ್ಲೆವು, ಗಾಳಿ ಬೀಸಿಸುವುದು ನಮ್ಮ ಕೈಲಿಲ್ಲ.

ದುಡ್ಡಿನ ವಿಷಯ. 2018ರಲ್ಲಿ ನನಗೆ ತಿಂಗಳಿಗೆ 28 ಸಾವಿರ, ಊಟ, ವಸತಿ. ಮತದಾನದ ಸಂಜೆಗೇ ಕರಾರು ಮುಗಿಯಿತು. ಅಭ್ಯರ್ಥಿ ಸೋತದ್ದರಿಂದ ಕಂಪನಿಗೆ ಕೊನೆಯ ಕಂತು ಬರಲಿಲ್ಲ, ನಮಗೂ ಬರಲಿಲ್ಲ. 2023ರಲ್ಲಿ ಮುಂಗಡ ಕೇಳಿಯೇ ಸೇರಿದೆ, ನೀವೂ ಹಾಗೇ ಮಾಡಿ. ಚುನಾವಣೆ ಇಲ್ಲದ ವರ್ಷಗಳಲ್ಲಿ ಮಾರುಕಟ್ಟೆ ಸಮೀಕ್ಷೆ ಮಾಡಿ ಹೊಟ್ಟೆ ಹೊರೆದಿದ್ದೇನೆ. ಬೇರೆ ರಾಜ್ಯಕ್ಕೆ ಗಂಟುಮೂಟೆ ಕಟ್ಟಲು ತಯಾರಿದ್ದರೆ ಕೆಲಸಕ್ಕೆ ಕೊರತೆ ಇಲ್ಲ.

ಕಂಪನಿಗಳಿಗೆ ರೆಸ್ಯೂಮೆ ಕಳಿಸುವ ಮುಂಚೆ ಒಂದು ಕೆಲಸ ಮಾಡಿ: ನಿಮ್ಮೂರಿನ ಬೂತಿನಲ್ಲಿ ಒಂದು ದಿನ ಏಜೆಂಟ್ ಆಗಿ ಕೂತುಕೊಳ್ಳಿ. ಸಂಜೆ ಯಾವ ಮನೆಯಿಂದ ಯಾರು ಬರಲಿಲ್ಲ, ಯಾಕೆ ಬರಲಿಲ್ಲ ಅಂತ ಪಟ್ಟಿ ನೋಡಿ ಹೇಳಲು ಬಂದರೆ, ಸಂದರ್ಶನದಲ್ಲಿ ಅದನ್ನೇ ಹೇಳಿ.