ಮಾತು ನಿಂತ ಮಗ, ಮಂಕಾದ ಮಗಳು

ಪ್ರಶ್ನೆ: 8 ವರ್ಷದ ಮಗನಿಗೆ ಮೆಡುಲ್ಲೋಬ್ಲಾಸ್ಟೋಮಾ ಎಂಬ ಮಿದುಳಿನ ಕ್ಯಾನ್ಸರ್ ಗಡ್ಡೆಯ ಶಸ್ತ್ರಚಿಕಿತ್ಸೆಯಾದ ಎರಡನೆಯ ದಿನದಿಂದ ಮಾತೇ ನಿಂತಿದೆ. ಅವನ ಅಕ್ಕನೂ ಮಂಕಾಗಿದ್ದಾಳೆ. ನಾವೇನು ಮಾಡಬೇಕು?

ಉತ್ತರ: ಕಿರುಮಿದುಳಿನ ಬಳಿಯ ಗಡ್ಡೆ ತೆಗೆದ ಬಳಿಕ ಕೆಲವು ಮಕ್ಕಳಲ್ಲಿ, ಸಾಮಾನ್ಯವಾಗಿ ಮೊದಲ ವಾರದೊಳಗೆ, ಹೀಗಾಗುವುದುಂಟು, ಅದು ಮಗುವಿನ ಹಠವೂ ಅಲ್ಲ, ನಿಮ್ಮ ಆರೈಕೆಯ ಲೋಪವೂ ಅಲ್ಲ. ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಮಾತು ಬಹುಮಟ್ಟಿಗೆ ಮರಳುತ್ತದೆಯಾದರೂ ಉಚ್ಚಾರಣೆ ನಿಧಾನವಾಗಿಯೇ ಉಳಿಯಬಹುದಾದ್ದರಿಂದ, ವಾಕ್ ಚಿಕಿತ್ಸೆಯ ಬಗ್ಗೆ ವೈದ್ಯರನ್ನು ಈಗಲೇ ಕೇಳಿ. ಉತ್ತರಿಸದಿದ್ದರೂ ಅವನಿಗೆ ಎಲ್ಲವೂ ಅರ್ಥವಾಗುತ್ತಿರಬಹುದು. ದಯವಿಟ್ಟು ಅವನೆದುರು ಅವನ ಬಗ್ಗೆ ಮಾತನಾಡುವ ಬದಲು ಅವನೊಂದಿಗೇ ಮಾತನಾಡಿ, ಹೌದು-ಇಲ್ಲಗಳಿಗೆ ಬೆರಳು ಒತ್ತುವಂಥ ಸಂಜ್ಞೆಯೊಂದನ್ನು ಗೊತ್ತುಮಾಡಿಕೊಳ್ಳಿ. ಮಗಳಿಗೆ ಕಾಯಿಲೆಯ ಹೆಸರನ್ನೇ ಹೇಳಿ. ಅದು ಅಂಟುವುದಿಲ್ಲ, ತಮ್ಮನೊಡನೆ ಆಡಿದ ಯಾವ ಜಗಳದಿಂದಲೂ ಬಂದದ್ದಲ್ಲ ಎಂಬುದನ್ನು, ಅವಳು ಕೇಳದಿದ್ದರೂ, ಸ್ಪಷ್ಟಪಡಿಸಿ.