ದುಡ್ಡು ಕಟ್ಟುವ ಮುಂಚೆ ರಿವ್ಯೂ ಬರಲಿ

ಓದುಗರ ಪತ್ರ: “ಹೊಸ ಗೇಮ್‌ಗೆ ಪ್ರೀ-ಆರ್ಡರ್ ಮಾಡಬೇಡಿ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ವರ್ಷಗಟ್ಟಲೆ ಕಾದ ಗೇಮನ್ನು ಬಿಡುಗಡೆಯ ರಾತ್ರಿಯೇ ಗೆಳೆಯರ ಜೊತೆ ಶುರು ಮಾಡುವ ಖುಷಿಯೂ ಬೇಡವೇ? ಮುಂಗಡ ಕಟ್ಟದಿದ್ದರೆ ಪ್ರೀ-ಲೋಡ್ (ಬಿಡುಗಡೆಗೆ ಮುಂಚೆಯೇ ಗೇಮ್ ಇಳಿಸಿಕೊಳ್ಳುವುದು) ಸಿಗುವುದಿಲ್ಲ. ನಮ್ಮ ಮನೆಯ ಇಂಟರ್ನೆಟ್ ಬರೀ 40 ಎಂಬಿಪಿಎಸ್.” (ಹಾವೇರಿಯ ಓದುಗರೊಬ್ಬರು)

ಸಂಪಾದಕರ ಉತ್ತರ: ನಿಮ್ಮ ಮಾತಿನಲ್ಲಿ ಹುರುಳಿದೆ. ಕಾಯುವುದೂ ಆಟದ ಒಂದು ಭಾಗವೇ. ಟ್ರೈಲರನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಮೂಲೆಯಲ್ಲಿ ಕಂಡ ಬೋರ್ಡಿನ ಮೇಲೆ ಏನಿದೆ ಎಂದು ಗೆಳೆಯರ ಜೊತೆ ವಾದಿಸುವುದಕ್ಕೆ ಒಂದು ಪೈಸೆಯೂ ಬೇಕಿಲ್ಲ. ಅದನ್ನು ಖಂಡಿತ ಬಿಡಬೇಡಿ. ನಮ್ಮ ತಕರಾರು ಇರುವುದು ದುಡ್ಡು ಯಾವ ದಿನ ಕಟ್ಟಬೇಕು ಎಂಬುದರಲ್ಲಿ ಮಾತ್ರ.

ಪೋಲೆಂಡಿನ ಸಿಡಿ ಪ್ರೊಜೆಕ್ಟ್ ರೆಡ್ ಕಂಪನಿಯ ‘ಸೈಬರ್‌ಪಂಕ್ 2077’ ಗೇಮ್‌ಗೆ ಏನಾಯಿತು ನೋಡಿ. ಘೋಷಣೆಯಾದದ್ದು 2012ರಲ್ಲಿ. 2013ರ ಜನವರಿಯ ಟೀಸರ್‌ನಲ್ಲಿ ದಿನಾಂಕವೇ ಇರಲಿಲ್ಲ, ‘ಸಿದ್ಧವಾದಾಗ ಬರುತ್ತದೆ’ ಎಂದಷ್ಟೇ ಇತ್ತು. 2018ರ ಆಗಸ್ಟ್‌ನಲ್ಲಿ 48 ನಿಮಿಷದ ಆಟ ತೋರಿಸಿದರು. 2019ರ ಇ3 ಗೇಮ್ ಮೇಳದಲ್ಲಿ ನಟ ಕಿಯಾನು ರೀವ್ಸ್ ವೇದಿಕೆ ಹತ್ತಿದ ಹೊತ್ತಿಗೆ 2020ರ ಏಪ್ರಿಲ್ 16 ಎಂಬ ದಿನಾಂಕವೂ ಹೊರಬಿತ್ತು. ಅದು ಸೆಪ್ಟೆಂಬರ್ 17ಕ್ಕೆ ಹೋಯಿತು, ಅಲ್ಲಿಂದ ನವೆಂಬರ್ 19ಕ್ಕೆ. ಅಕ್ಟೋಬರ್ 5ರಂದು ಗೇಮ್ ‘ಗೋಲ್ಡ್’ ಆಗಿದೆ ಎಂದರು. ಇನ್ನು ಮುಂದೂಡುವ ಮಾತೇ ಇಲ್ಲ ಎಂದು ಎಲ್ಲರೂ ನಿಟ್ಟುಸಿರು ಬಿಟ್ಟರು. ಅಕ್ಟೋಬರ್ 27ರಂದು ಮತ್ತೆ 21 ದಿನ ಮುಂದಕ್ಕೆ ಹಾಕಿದರು.

ಈ ‘ಗೋಲ್ಡ್’ ಪದವೇ ಜನರನ್ನು ದಾರಿ ತಪ್ಪಿಸುತ್ತದೆ. ಡಿಸ್ಕ್ ಅಚ್ಚು ಹಾಕಲು ಒಂದು ಪ್ರತಿ ತಯಾರಾಗಿದೆ ಎಂಬುದಷ್ಟೇ ಅದರ ಅರ್ಥ, ಕೆಲಸ ಮುಗಿದಿದೆ ಎಂದಲ್ಲ. ಡಿಸ್ಕ್ ಅಚ್ಚಾಗಿ ಅಂಗಡಿ ಸೇರುವ ವಾರಗಳಲ್ಲಿ ತಂಡ ದೋಷ ತಿದ್ದುತ್ತಲೇ ಇರುತ್ತದೆ. ಆ ತಿದ್ದುಪಡಿ ಮೊದಲ ದಿನದ ಪ್ಯಾಚ್ ಆಗಿ ಬರುತ್ತದೆ.

ಕೊನೆಗೆ ಡಿಸೆಂಬರ್ 10ರಂದು ಗೇಮ್ ಬಂದಾಗ 80 ಲಕ್ಷ ಪ್ರೀ-ಆರ್ಡರ್ ಆಗಿತ್ತು. ರಿವ್ಯೂಗಳು ಮೂರು ದಿನ ಮೊದಲೇ, ಡಿಸೆಂಬರ್ 7ಕ್ಕೇ ಬಂದಿದ್ದವು, ಚೆನ್ನಾಗಿಯೂ ಇದ್ದವು. ಆದರೆ ವಿಮರ್ಶಕರಿಗೆ ಕೊಟ್ಟದ್ದು ಪಿಸಿ ಪ್ರತಿ ಮಾತ್ರ. ವಿಡಿಯೊ ರಿವ್ಯೂಗೆ ತಾವು ಆಡಿದ ದೃಶ್ಯ ಬಳಸುವಂತಿರಲಿಲ್ಲ, ಕಂಪನಿ ಕೊಟ್ಟದ್ದನ್ನೇ ಹಾಕಬೇಕಿತ್ತು. ಸೋನಿಯ ಹಳೆಯ ಕನ್ಸೋಲ್ (ಗೇಮ್ ಯಂತ್ರ) ಪಿಎಸ್4ನಲ್ಲಿ ಗೇಮ್ ಹೇಗೆ ಓಡುತ್ತದೆ ಎಂಬುದು ದುಡ್ಡು ಕಟ್ಟಿದವರಿಗೆ ಗೊತ್ತಾದದ್ದು ಅದು ಮನೆಗೆ ಬಂದ ಮೇಲೆಯೇ.

ಪಿಎಸ್4 2013ರ ಯಂತ್ರ, ಒಳಗೆ ತಿರುಗುವ ನಿಧಾನದ ಹಾರ್ಡ್ ಡಿಸ್ಕ್. ಈ ಗೇಮಿನ ನಗರ ಒಂದೇ ಸಲ ಮೆಮೊರಿಯಲ್ಲಿ ಹಿಡಿಯುವುದಿಲ್ಲ. ನೀವು ಹೋದ ಹಾಗೆ ಮುಂದಿನ ಬೀದಿಯನ್ನು ಡಿಸ್ಕಿನಿಂದ ಎಳೆದುಕೊಳ್ಳುತ್ತದೆ. ಕಾರು ಜೋರಾಗಿ ಓಡಿಸಿದರೆ ಬೀದಿಗಿಂತ ಮೊದಲು ನೀವೇ ಅಲ್ಲಿಗೆ ತಲುಪುತ್ತೀರಿ. ಗೋಡೆಗಳು ಮೇಣ ಬಳಿದಂತೆ ಮಸುಕಾಗಿ ನಿಂತಿರುತ್ತವೆ, ಎರಡು ಸೆಕೆಂಡ್ ಬಿಟ್ಟು ಅಕ್ಷರ, ಕಿಟಕಿ ಮೂಡುತ್ತವೆ, ಅಷ್ಟರಲ್ಲಿ ಫ್ರೇಮ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಕುಸಿದಿರುತ್ತದೆ. ಹಳೆಯ ಕನ್ಸೋಲ್‌ಗಳಲ್ಲಿ ಈ ಸ್ಟ್ರೀಮಿಂಗ್ ಎಷ್ಟು ಕಷ್ಟವೆಂದು ಅಂದಾಜಿಸುವಲ್ಲಿ ತಪ್ಪಿದೆವು ಎಂದು ಕಂಪನಿಯೇ 2021ರ ಜನವರಿಯಲ್ಲಿ ಒಪ್ಪಿಕೊಂಡಿತು. ಬಿಡುಗಡೆಯಾದ ಸುಮಾರು ಒಂದು ವಾರಕ್ಕೆ ಸೋನಿ ಅದನ್ನು ತನ್ನ ಪ್ಲೇಸ್ಟೇಷನ್ ಸ್ಟೋರ್‌ನಿಂದ ತೆಗೆದಿತ್ತು. ಮರಳಿದ್ದು 2021ರ ಜೂನ್‌ನಲ್ಲಿ. 2023ರ ಸೆಪ್ಟೆಂಬರ್‌ನ 2.0 ಪ್ಯಾಚ್‌ನಿಂದ ಗೇಮ್ ನಿಜಕ್ಕೂ ಸೊಗಸಾಯಿತು. ಆದರೆ ಪಿಎಸ್4ಗೆ ಆ ಪ್ಯಾಚ್ ಬರಲೇ ಇಲ್ಲ. ಮೊಟ್ಟಮೊದಲು ನಂಬಿ ದುಡ್ಡು ಕಟ್ಟಿದವರಿಗೇ, ಅವರ ಯಂತ್ರದಲ್ಲಿ, ಒಳ್ಳೆಯ ಗೇಮ್ ಸಿಗಲಿಲ್ಲ. ನಮಗೆ ಇವತ್ತಿಗೂ ಬೇಸರ ತರಿಸುವುದು ಅದು.

ಈಗ ನಿಮ್ಮ ಪ್ರೀ-ಲೋಡ್. 40 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 40 ಮೆಗಾಬಿಟ್, ಅಂದರೆ 5 ಮೆಗಾಬೈಟ್. 70 ಜಿಬಿ ಗೇಮ್ ಇಳಿಯಲು, ವೇಗ ಪೂರ್ತಿ ಸಿಕ್ಕರೆ, ಸುಮಾರು 4 ಗಂಟೆ. ಒಂದು ರಾತ್ರಿ ಸಾಕು. ಹಾಗಾಗಿ ಆರು ತಿಂಗಳು ಮೊದಲು ಕಟ್ಟಬೇಕಾಗಿಲ್ಲ. ರಿವ್ಯೂ ಬಂದ ಮೇಲೆ, ಬಿಡುಗಡೆಯ ಹಿಂದಿನ ದಿನ ಕಟ್ಟಿದರೂ ಪ್ರೀ-ಲೋಡ್ ಸಿಗುತ್ತದೆ. ಡಿಜಿಟಲ್ ಪ್ರತಿ ಖಾಲಿಯಾಗುವ ವಸ್ತುವಲ್ಲ. ರಿವ್ಯೂ ಓದುವಾಗ ಅಂಕ ಆಮೇಲೆ ನೋಡಿ, ಆಡಿದ್ದು ಯಾವ ಯಂತ್ರದಲ್ಲಿ ಎಂಬ ಸಾಲನ್ನು ಮೊದಲು ಹುಡುಕಿ. ನಿಮ್ಮ ಯಂತ್ರದ ರಿವ್ಯೂ ಒಂದೂ ಇಲ್ಲದಿದ್ದರೆ ಆ ರಾತ್ರಿ ಬಿಟ್ಟುಬಿಡಿ. ಪಿಸಿ ಗೇಮ್‌ಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಾದರೆ ಇನ್ನೊಂದು ವಿಷಯ: ಪ್ರೀ-ಲೋಡ್ ಫೈಲುಗಳು ಬೀಗ ಹಾಕಿಕೊಂಡು ಬರುತ್ತವೆ, ಬಿಡುಗಡೆಯ ಹೊತ್ತಿಗೆ ಬಿಚ್ಚಿಕೊಳ್ಳಬೇಕು. ಅದಕ್ಕೆ ಗೇಮ್‌ನಷ್ಟೇ ಇನ್ನೊಂದು ಪಾಲು ಜಾಗ ಖಾಲಿ ಇಡಿ. ಹಾರ್ಡ್ ಡಿಸ್ಕ್ ಆದರೆ ಈ ಬಿಚ್ಚುವಿಕೆಗೇ ಬಹಳ ಹೊತ್ತು ಹಿಡಿದು, ಹೊಸದಾಗಿ ಇಳಿಸಿಕೊಂಡವರು ನಿಮಗಿಂತ ಮೊದಲು ಆಡುತ್ತಿರಬಹುದು. ತಿರುಗುವ ಭಾಗವಿಲ್ಲದ, ವೇಗದ ಎಸ್‌ಎಸ್‌ಡಿಗೇ ಹಾಕಿ.

ಈಗಾಗಲೇ ಕಟ್ಟಿಬಿಟ್ಟಿದ್ದರೆ ರಿಫಂಡ್ ನಿಯಮ ತಿಳಿದಿರಲಿ. ಸ್ಟೀಮ್‌ನಲ್ಲಿ ಬಿಡುಗಡೆಗೆ ಮುಂಚೆ ಯಾವಾಗ ಬೇಕಾದರೂ ವಾಪಸ್ ಕೇಳಬಹುದು. ಬಿಡುಗಡೆಯ ನಂತರವಾದರೆ 14 ದಿನದೊಳಗೆ ಕೇಳಬೇಕು, 2 ಗಂಟೆಗಿಂತ ಕಡಿಮೆ ಆಡಿರಬೇಕು. ಗೇಮ್ ತೆರೆದು ಶೇಡರ್ (ಬೆಳಕು, ಬಣ್ಣ ಮೂಡಿಸುವ ಪುಟ್ಟ ಪ್ರೋಗ್ರಾಂಗಳು) ಸಿದ್ಧವಾಗಲೆಂದು ಕಾಯುವ ನಿಮಿಷಗಳೂ ಆ 2 ಗಂಟೆಯಲ್ಲೇ ಸೇರುತ್ತವೆ. ದುಬಾರಿ ಆವೃತ್ತಿ ಕೊಂಡವರು ಬಿಡುಗಡೆಗೆ ಕೆಲವು ದಿನ ಮೊದಲೇ ಆಡಿದ ಸಮಯವೂ 2024ರಿಂದ ಸೇರುತ್ತದೆ. ಆದ್ದರಿಂದ ಪಾತ್ರದ ಮೂಗು ಕಣ್ಣು ತಿದ್ದುತ್ತಾ ಗಂಟೆ ಕಳೆಯಬೇಡಿ. ಮೊದಲು ಜನನಿಬಿಡ ಬೀದಿಗೆ ಹೋಗಿ, ಗಾಡಿ ಓಡಿಸಿ, ಒಂದು ಗುಂಡಿನ ಕಾಳಗ ಮಾಡಿ, ಫ್ರೇಮ್ ನೋಡಿ. ಪ್ಲೇಸ್ಟೇಷನ್ ಇನ್ನೂ ಬಿಗಿ: ಡೌನ್‌ಲೋಡ್ ಶುರುವಾದರೆ ಸಾಮಾನ್ಯವಾಗಿ ದುಡ್ಡು ವಾಪಸ್ ಬರುವುದಿಲ್ಲ, ಅದು ತಾನಾಗಿಯೇ ಇಳಿದಿದ್ದರೂ ಅಷ್ಟೆ. ಪ್ರೀ-ಆರ್ಡರ್ ಮಾಡಿದ ದಿನವೇ ಆಟೋ-ಡೌನ್‌ಲೋಡ್ ಆಫ್ ಮಾಡಿ, ರಿವ್ಯೂ ಓದಿ ಮನಸ್ಸು ಗಟ್ಟಿಯಾದ ಮೇಲೆ ನೀವೇ ಒತ್ತಿ.