40 ಲಕ್ಷ ಇದ್ದದ್ದು 11 ಲಕ್ಷ ಆಗಿದ್ದು ಹೇಗೆ?

ಓದುಗರ ಪತ್ರ: ನಾಜಿಗಳು ಪೋಲೆಂಡ್‌ನಲ್ಲಿ ನಡೆಸಿದ ಆಶ್ವಿಟ್ಜ್ ಶಿಬಿರದಲ್ಲಿ 11 ಲಕ್ಷ ಜನ ಸತ್ತರು ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ನಮ್ಮ ತಂದೆಯವರ ಹಳೆಯ ಪುಸ್ತಕದಲ್ಲಿ 40 ಲಕ್ಷ ಅಂತ ಇದೆ. 29 ಲಕ್ಷ ಕಡಿಮೆಯಾದರೂ ನಾಜಿಗಳು ಕೊಂದ ಯಹೂದಿಗಳು 60 ಲಕ್ಷ ಅಂತಲೇ ಹೇಳುತ್ತಾರಲ್ಲ, ಇದು ಯಾವ ಲೆಕ್ಕ?

ಉತ್ತರ: ನಿಮ್ಮ ಅನುಮಾನ ಸಹಜವೇ. ಆದರೆ ಇದೇ ಪ್ರಶ್ನೆ ಹಿಡಿದು ‘ಆ ಕೊಲೆಗಳೇ ಸುಳ್ಳು’ ಅನ್ನುವವರೂ ಇದ್ದಾರೆ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

40 ಲಕ್ಷ ಅನ್ನುವುದು 1945ರಲ್ಲಿ ಸೋವಿಯತ್ ಆಯೋಗ ಕೊಟ್ಟ ಸಂಖ್ಯೆ. ಹೆಣ ಸುಡುವ ಒಲೆಗಳು ದಿನಕ್ಕೆ ಎಷ್ಟು ಸುಡಬಹುದು, ಎಷ್ಟು ದಿನ ಉರಿದವು ಅಂತ ಗುಣಿಸಿ ಹೇಳಿದ್ದರು. ಅದು ಯಹೂದಿಗಳದ್ದಷ್ಟೇ ಲೆಕ್ಕವೂ ಅಲ್ಲ. ಅಲ್ಲಿನ ಸ್ಮಾರಕದ ಫಲಕದಲ್ಲಿ 1990ರವರೆಗೆ ಅದೇ ಇತ್ತು.

ಶಿಬಿರದ ದಾಖಲೆ ನೋಡಿದರೆ ಸಾಲದೆ? ಸಾಲದು. ಅಲ್ಲಿ ನೋಂದಣಿಯಾದವರು ಸುಮಾರು 4 ಲಕ್ಷ ಮಾತ್ರ. ಮುದುಕರು, ಮಕ್ಕಳು, ಮಕ್ಕಳ ಜೊತೆಗಿದ್ದ ತಾಯಂದಿರು ರೈಲಿನಿಂದ ಇಳಿದವರೇ ನೇರ ವಿಷಾನಿಲದ ಕೋಣೆಗೆ ಹೋದರು. ಅವರ ಹೆಸರನ್ನು ಶಿಬಿರದಲ್ಲಿ ಯಾರೂ ಬರೆದುಕೊಳ್ಳಲಿಲ್ಲ. ಇದನ್ನು ಬರೆಯುವಾಗಲೂ ಕೈ ತಡೆಯುತ್ತದೆ.

ಅದಕ್ಕೇ ಅಲ್ಲಿನ ಮ್ಯೂಸಿಯಂನ ಇತಿಹಾಸಕಾರ ಫ್ರಾನ್ಸಿಶೆಕ್ ಪೀಪರ್ ರೈಲುಗಳ ಲೆಕ್ಕ ಹಿಡಿದರು. ಯಾವ ದೇಶದಿಂದ ಎಷ್ಟು ಜನರನ್ನು ತುಂಬಿ ಕಳಿಸಿದರು? 1944ರಲ್ಲಿ ಹಂಗೇರಿಯಿಂದಲೇ 4 ಲಕ್ಷಕ್ಕೂ ಜಾಸ್ತಿ. ಒಟ್ಟು ಬಂದವರು ಸುಮಾರು 13 ಲಕ್ಷ. ಬೇರೆ ಶಿಬಿರಗಳಿಗೆ ಹೋದವರನ್ನು, ಬದುಕಿ ಉಳಿದವರನ್ನು ಕಳೆದರೆ ಸತ್ತವರು 11 ಲಕ್ಷ. ಅವರಲ್ಲಿ ಸುಮಾರು 10 ಲಕ್ಷ ಯಹೂದಿಗಳು.

ಇನ್ನು 60 ಲಕ್ಷದ ವಿಷಯ. ಆ ಮೊತ್ತ ಸೋವಿಯತ್ ಸಂಖ್ಯೆಯ ಮೇಲೆ ನಿಂತದ್ದೇ ಅಲ್ಲ. 1961ರಲ್ಲೇ ಇತಿಹಾಸಕಾರ ರಾವುಲ್ ಹಿಲ್ಬರ್ಗ್ ಆಶ್ವಿಟ್ಜ್‌ಗೆ 10 ಲಕ್ಷ ಯಹೂದಿಗಳ ಲೆಕ್ಕ ಕೊಟ್ಟಿದ್ದರು. ಒಟ್ಟು ಮೊತ್ತ ಅವರ ಪ್ರಕಾರ 51 ಲಕ್ಷ, ಬೇರೆ ಇತಿಹಾಸಕಾರರ ಲೆಕ್ಕ 60 ಲಕ್ಷದ ಹತ್ತಿರ ಬರುತ್ತದೆ. ಆಶ್ವಿಟ್ಜ್ ಒಂದೇ ಅಲ್ಲ, ಟ್ರೆಬ್ಲಿಂಕಾ, ಬೆಲ್ಜೆಕ್, ಸೋಬಿಬೋರ್ ಎಂಬ ಕೊಲೆ ಶಿಬಿರಗಳೂ ಇದ್ದವಲ್ವಾ? ಈ ಮೂರು ಮತ್ತು ಮಯ್ದಾನೆಕ್ ಶಿಬಿರ ಸೇರಿ 1942ರ ಕೊನೆಯವರೆಗೆ ಬಂದವರು 12,74,166 ಅಂತ ನಾಜಿ ಅಧಿಕಾರಿ ಹ್ಯೋಫ್ಲೆ ಕಳಿಸಿದ ತಂತಿ ಸಂದೇಶವೇ ಸಿಕ್ಕಿದೆ. ಶಿಬಿರದ ಮುಖವನ್ನೇ ನೋಡದೆ ಬಂದೂಕಿನ ಗುಂಡೇಟಿಗೆ ಸತ್ತವರೂ ಲಕ್ಷಗಟ್ಟಲೆ. ಕೀವ್ ಹತ್ತಿರದ ಬಾಬಿ ಯಾರ್ ಕಣಿವೆಯಲ್ಲಿ 1941ರ ಸೆಪ್ಟೆಂಬರ್‌ನ ಎರಡೇ ದಿನದಲ್ಲಿ 33,771 ಜನ.

ತಂದೆಯವರ ಪುಸ್ತಕವನ್ನು ಎಸೆಯಬೇಡಿ. 40 ಲಕ್ಷದ ಪಕ್ಕದಲ್ಲಿ ಪೆನ್ಸಿಲ್‌ನಿಂದ 11 ಲಕ್ಷ ಅಂತ ಬರೆದಿಡಿ. ಮನೆಯ ಮಕ್ಕಳು ಯಾಕೆ ಅಂತ ಕೇಳಿದರೆ ಆ ರೈಲುಗಳ ಲೆಕ್ಕ ಹೇಳಿ.